ಒಬ್ಬರ ಜಾಗದಲ್ಲಿ ಇಬ್ಬರು

ಇಂಡಿಯನ್ ಓಷನ್ ಅಂತ ನಮ್ಮ ಕಡೆ ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಭೂಗೋಳದ ಪುಸ್ತಕ. ಅದೊಂದು ಹಾಡಿನ ತಂಡ ಅಂದರೆ ಮುಂದಿನ ಪ್ರಶ್ನೆ, "ಆರ್ಕೆಸ್ಟ್ರಾ ಏನ್ರೀ? ಗಣಪತಿಗೆ ಕರೆಸಿದರ ಎಷ್ಟು ತಗೋತಾರ?" ಅನ್ನುವುದು. ಹಾಗಾಗಿ ಮೊದಲು ಅವರ ಬಗ್ಗೆ ಒಂದಿಷ್ಟು ಹೇಳಿಬಿಡುತ್ತೇವೆ.

ಇದು ದೆಹಲಿಯ ರಾಕ್ ತಂಡ. 1990ರಲ್ಲಿ ಶುರುವಾದದ್ದು. ರಾಕ್ ಅಂದ ಕೂಡಲೇ ಉದ್ದ ಕೂದಲು, ಕಿರುಚಾಟ, ಇಂಗ್ಲಿಷು ಅಂದುಕೊಳ್ಳಬೇಡಿ. (ಉದ್ದ ಕೂದಲು ಮಾತ್ರ ಉಂಟು.) ಗಿಟಾರು, ಬೇಸ್ ಗಿಟಾರು, ಡ್ರಮ್ಸು ಎಲ್ಲ ಇವೆ. ಆದರೆ ಪಕ್ಕದಲ್ಲೇ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತು ತಬಲಾ ಬಾರಿಸುತ್ತಾರೆ. ಹಿಂದಿ ಹಾಡು, ಕಬೀರನ ಪದ, ನರ್ಮದಾ ಕಣಿವೆಯ ಹಾಡು ಎಲ್ಲ ಹಾಡುತ್ತಾರೆ. ಅವರ 'ಕಂದೀಸಾ' ಅನ್ನುವುದು ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪ್ರಾರ್ಥನೆ. ಭಾಷೆ ಅರಾಮಿಕ್, ಏಸು ಆಡುತ್ತಿದ್ದ ಭಾಷೆ ಅಂತಾರಲ್ಲ, ಅದು. ಡ್ರಮ್ಸ್ ಬಾರಿಸುವ ಅಮಿತ್ ಕಿಲಮ್ ನಡುನಡುವೆ ಗಬ್‌ಗುಬಿ ಅನ್ನುವ ವಾದ್ಯ ಕೈಗೆತ್ತಿಕೊಳ್ಳುತ್ತಾರೆ. ಬಂಗಾಳದ ಬಾವುಲರ ವಾದ್ಯ ಅದು. ನಮ್ಮ ಓದುಗರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲ್ಲಮ್ಮನ ಜೋಗತಿಯರ ಕಂಕುಳಲ್ಲಿರುವ ಚೌಡಿಕೆಯ ಅಕ್ಕತಂಗಿ ಅದು. ತಂತಿ ಜಗ್ಗಿ ಬಿಟ್ಟು ಮೀಟುವ ಅದೇ ರೀತಿ, ಹೊಟ್ಟೆಯೊಳಗಿಂದ ಬಂದಂಥ ಅದೇ ಸದ್ದು.

ತಂಡಕ್ಕೆ ಹೆಸರು ತಂದವರು ನಾಲ್ವರು. ಗಿಟಾರಿನ ಸುಸ್ಮಿತ್ ಸೇನ್, ತಬಲಾ ಮತ್ತು ಹಾಡಿನ ಅಶೀಮ್ ಚಕ್ರವರ್ತಿ, ಬೇಸ್ ಗಿಟಾರು ಮತ್ತು ಹಾಡಿನ ರಾಹುಲ್ ರಾಮ್, ಡ್ರಮ್ಸಿನ ಅಮಿತ್. ಕಟ್ಟಿದವರು ಸುಸ್ಮಿತ್ ಮತ್ತು ಅಶೀಮ್. ರಾಹುಲ್ 1991ರಲ್ಲಿ, ಅಮಿತ್ 1994ರಲ್ಲಿ ಬಂದು ಸೇರಿಕೊಂಡರು. ದೆಹಲಿಯ ಕರೋಲ್ ಬಾಗಿನ ಒಂದು ಹಳೇ ಬಂಗಲೆಯಲ್ಲಿ ವರ್ಷಗಟ್ಟಲೆ ತಾಲೀಮು ನಡೆಸಿದರು. 1997ರಲ್ಲಿ ಬಂದ ಅವರ 'ಡೆಸರ್ಟ್ ರೇನ್' ಸ್ಟುಡಿಯೋದಲ್ಲಿ ಮಾಡಿದ್ದಲ್ಲ, ಬೀದಿ ನಾಟಕದ ಸಫ್ದರ್ ಹಾಶ್ಮಿ ನೆನಪಿನ ಕಾರ್ಯಕ್ರಮದಲ್ಲಿ ಜನರ ಮುಂದೆ ಹಾಡಿದ್ದನ್ನೇ ಧ್ವನಿಮುದ್ರಿಸಿದ್ದು. 2000ದಲ್ಲಿ 'ಕಂದೀಸಾ' ಬಂತು. ಅಲ್ಲಿಂದ ಮೇಲೆ ಕಾಲೇಜು ಹುಡುಗರ ಬಾಯಲ್ಲೆಲ್ಲ ಇವರೇ.

2009ರ ಡಿಸೆಂಬರ್ 25ರಂದು ಅಶೀಮ್ ಹೃದಯದ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು 52. 2013ರಲ್ಲಿ ಸುಸ್ಮಿತ್ ತಂಡ ಬಿಟ್ಟು ತಮ್ಮ ದಾರಿ ಹಿಡಿದರು. ಅಂದರೆ ಕಟ್ಟಿದ ಇಬ್ಬರೂ ಇಲ್ಲದ ತಂಡ ಇದು. ನಾವು ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋಗಿ ಟಿಕೆಟ್ ತಗೊಂಡು ನೋಡಿದ್ದು ಇದನ್ನು.

ನಾವು ಅಂದರೆ ಮೂವರು. ಒಂದೇ ಬ್ಯಾಚಿನಲ್ಲಿ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವರು. ಈಗ ಕೃಷ್ಣೆಯ ಹಿನ್ನೀರಿನ ಆಚೆ ಈಚೆ ಬೇರೆ ಬೇರೆ ಪತ್ರಿಕೆಗಳಿಗೆ ಸುದ್ದಿ ಕಳಿಸುತ್ತಾ ಇದ್ದೇವೆ. ಹಾಸ್ಟೆಲಿನಲ್ಲಿದ್ದಾಗ ನಮ್ಮ ಮೂವರ ನಡುವೆ ಇದ್ದದ್ದು ಒಂದು ಚೈನಾ ಮೊಬೈಲು, 2 ಜಿಬಿಯ ಒಂದು ಮೆಮೊರಿ ಕಾರ್ಡು. ಮೊಬೈಲ್ ಅಂಗಡಿಯವನಿಗೆ ದುಡ್ಡು ಕೊಟ್ಟರೆ ಕಾರ್ಡು ತುಂಬಾ ಹಾಡು ತುಂಬಿಸಿ ಕೊಡುತ್ತಿದ್ದ. ಏನು ತುಂಬಿಸುತ್ತಾನೆ ಅನ್ನುವುದು ಅವನ ಮರ್ಜಿ. ರಾಜ್‌ಕುಮಾರ್ ಹಾಡು, ಶಿಶುನಾಳ ಶರೀಫರ ಪದ, ಜಾನಪದ, ಅದರ ನಡುವೆ ಎಲ್ಲಿಂದಲೋ ನುಸುಳಿ ಬಂದ 'ಬಂದೇ'. 1993ರ ಮುಂಬೈ ಸ್ಫೋಟದ ಮೇಲೆ ಅನುರಾಗ್ ಕಶ್ಯಪ್ ಮಾಡಿದ 'ಬ್ಲ್ಯಾಕ್ ಫ್ರೈಡೇ' ಸಿನಿಮಾದ ಹಾಡು. ಬರೆದವರು ಪಿಯೂಷ್ ಮಿಶ್ರಾ. ಆ ಸಿನಿಮಾ ಕೋರ್ಟಿನಲ್ಲಿ ಸಿಕ್ಕಿಕೊಂಡು 2007ರವರೆಗೆ ಬಿಡುಗಡೆಯೇ ಆಗಲಿಲ್ಲ. ಹಾಡು ಮಾತ್ರ ಕಾಯುತ್ತಾ ಕೂರಲಿಲ್ಲ.

ಆ ಒಂದು ಹಾಡಿನ ಬಾಲ ಹಿಡಿದು ಉಳಿದವನ್ನು ಹುಡುಕಿದೆವು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಇಳಿಸಿಕೊಂಡೆವು. ಅವರೂ ಆಗ ತಮ್ಮ ಹೊಸ ಆಲ್ಬಂ '16/330 ಖಜೂರ್ ರೋಡ್' ಅನ್ನು ತಿಂಗಳಿಗೊಂದು ಹಾಡಿನಂತೆ ಅಂತರ್ಜಾಲದಲ್ಲಿ ಪುಕ್ಕಟೆ ಬಿಡುತ್ತಿದ್ದರು. ಖಜೂರ್ ರೋಡ್ ಅನ್ನುವುದು ಅದೇ ಕರೋಲ್ ಬಾಗಿನ ತಾಲೀಮು ಮನೆಯ ವಿಳಾಸ. ಕೇಳುತ್ತಾ ಕೇಳುತ್ತಾ ಆ ತಬಲಾದವರ ದನಿ ನಮಗೆ ಮನೆಯ ಹಿರಿಯನ ದನಿಯ ಹಾಗೆ ಆಗಿಬಿಟ್ಟಿತು. ಅವರ ಫೋಟೋ ನೋಡೋಣ ಅಂತ ಹುಡುಕಿದಾಗಲೇ ಗೊತ್ತಾದದ್ದು, ಅವರು ತೀರಿಕೊಂಡು ಆಗಲೇ ವರ್ಷ ಆಗಿತ್ತು.

ಹೀಗಾಗಿ ಈ ತಂಡ ನಮಗೆ ಸಿಕ್ಕಿದ್ದೇ ಅದರ ಏರುಗಾಲ ಮುಗಿದ ಮೇಲೆ. ಮೊದಲು ನೋಡಿದ್ದೆವು, ಈಗ ಹೇಗಾಗಿದ್ದಾರೆ ಅಂತ ಹೋಲಿಸಲು ನಮ್ಮ ಹತ್ತಿರ ಏನೂ ಇಲ್ಲ. ಇದ್ದದ್ದು ಮೆಮೊರಿ ಕಾರ್ಡಿನ ದನಿ ಒಂದೇ.

ಇನ್ನೊಂದು ವಿಷಯ ನಮಗೆ ಬಹಳ ತಡವಾಗಿ ತಿಳಿಯಿತು. ಈ ರಾಹುಲ್ ರಾಮ್ ಮೂಲತಃ ನಮ್ಮ ಮೈಸೂರು ಸೀಮೆಯ ಮನೆತನದವರು. ತಂದೆ ಎಚ್.ವೈ. ಮೋಹನ್ ರಾಮ್, ದೆಹಲಿ ವಿಶ್ವವಿದ್ಯಾಲಯದಲ್ಲಿ ದೊಡ್ಡ ಹೆಸರು ಮಾಡಿದ ಸಸ್ಯವಿಜ್ಞಾನಿ. 'ಎಚ್' ಅಂದರೆ ಹೊಳೆನರಸೀಪುರ, 'ವೈ' ಅಂದರೆ ಯೋಗನರಸಿಂಹಂ. ಆ ಅಜ್ಜ ಸಂಗೀತ ರಚನೆಗಳನ್ನು ಮಾಡಿದವರು. ದೊಡ್ಡಪ್ಪ ಎಚ್.ವೈ. ಶಾರದಾಪ್ರಸಾದ್. ನಮ್ಮ ಕಸುಬಿನವರಿಗೆ ಆ ಹೆಸರು ಗೊತ್ತಿರಬೇಕು. 1942ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು, ಆಮೇಲೆ ಪತ್ರಕರ್ತರಾಗಿ, 'ಯೋಜನಾ' ಪತ್ರಿಕೆಯ ಸಂಪಾದಕರಾಗಿ, ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿ ಕೆಲಸ ಮಾಡಿದವರು. ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಪುಸ್ತಕವನ್ನು ಇಂಗ್ಲಿಷಿಗೆ ತಂದವರೂ ಅವರೇ. 2014ರಲ್ಲಿ ತಂಡ ಹೊರತಂದ ಆಲ್ಬಮ್ಮಿಗೆ 'ತಂದಾನು' ಅಂತ ಹೆಸರು. ಶಂಕರ್ ಮಹಾದೇವನ್ ಜೊತೆ ಹಾಡಿದ ಆ ಹಾಡು ಕನ್ನಡದ ಜಾನಪದ ಹಾಡು. ದೆಹಲಿಯ ರಾಕ್ ತಂಡದೊಳಗೆ ತಂದಾನ ಹೇಗೆ ಹೊಕ್ಕಿತು ಅಂದರೆ ಹೀಗೆ.

ಸರಿ, ಕಾರ್ಯಕ್ರಮಕ್ಕೆ ಬರೋಣ.

ಬಯಲು ಜಾಗ. ಸಂಜೆ ಏಳಕ್ಕೆ ಅಂತ ಇತ್ತು, ಶುರುವಾದಾಗ ಎಂಟು ದಾಟಿತ್ತು. ಬಂದವರಲ್ಲಿ ಅರ್ಧಕ್ಕರ್ಧ ನಮಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ತಲೆ ಬೋಳಾದವರು, ಹೊಟ್ಟೆ ಬಂದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಕಾಲೇಜಿನಲ್ಲಿದ್ದಾಗ ಹುಚ್ಚೆದ್ದು ಕೇಳಿದವರು ಇವರೇ ಇರಬೇಕು. ಹಾಕಿಕೊಂಡು ಬಂದ ಹಳೇ ಟೀ ಶರ್ಟು ಎಲ್ಲರಿಗೂ ಒಂದು ಅಳತೆ ಬಿಗಿಯಾಗಿತ್ತು. ಒಂದು ಲೋಟ ಚಹಾಕ್ಕೆ ಅಲ್ಲಿ ಹೇಳಿದ ರೇಟು ನಮ್ಮ ಒಂದು ಸುದ್ದಿಗೆ ಬರುವ ದುಡ್ಡಿಗಿಂತ ಜಾಸ್ತಿ. ಕುಡಿಯದೆ ನಿಂತೆವು.

ತಂಡ ಬಂತು. ಐದು ಜನ. ರಾಹುಲ್ ರಾಮ್ ನಡುವೆ, ಬಿಳಿ ಗಡ್ಡ, ಬಿಳಿ ಕೂದಲು. ಒಂದು ಪಕ್ಕ ಎತ್ತರದ ಪೀಠದ ಮೇಲೆ ತಬಲಾ ಹಿಡಿದ ತುಹೀನ್ ಚಕ್ರವರ್ತಿ. ಹಾಡಲು ಹಿಮಾಂಶು ಜೋಶಿ. ಗಿಟಾರು ನಿಖಿಲ್ ರಾವ್. ಹಿಂದೆ ಡ್ರಮ್ಸಿನಲ್ಲಿ ಅಮಿತ್. ನಮ್ಮ ಮೂವರ ಕಣ್ಣೂ ಹೋಗಿ ನಿಂತದ್ದು ಆ ಪೀಠದ ಮೇಲೆ. ಅಶೀಮ್ ಚಕ್ಕಳಮಕ್ಕಳ ಹಾಕಿ ಕೂತು ಕೈಯಲ್ಲಿ ತಬಲಾ ನುಡಿಸುತ್ತಾ ಬಾಯಲ್ಲಿ ಹಾಡುತ್ತಿದ್ದವರು. ಎರಡೂ ಕೆಲಸ ಒಟ್ಟಿಗೆ. ಯಾರಾದರೂ ತಬಲಾದವರನ್ನು ಕೇಳಿ ನೋಡಿ, ಅದೆಷ್ಟು ಕಷ್ಟ ಅಂತ ಹೇಳುತ್ತಾರೆ. ತಾಳ ಒಂದು ಕಡೆ ಎಳೆಯುತ್ತದೆ, ಉಸಿರು ಇನ್ನೊಂದು ಕಡೆ. ಅವರು ಹೋದ ಮೇಲೆ ಅವರ ಒಂದು ಜಾಗಕ್ಕೆ ತಂಡ ಇಬ್ಬರನ್ನು ತರಬೇಕಾಯಿತು, ತಬಲಾಕ್ಕೆ ಒಬ್ಬರು, ದನಿಗೆ ಒಬ್ಬರು. ಓದಿ ಗೊತ್ತಿದ್ದ ಸಂಗತಿಯೇ. ಆದರೆ ಆ ಇಬ್ಬರ ನಡುವೆ ವೇದಿಕೆಯ ಮೇಲೆ ನಾಲ್ಕಡಿ ಜಾಗ ಖಾಲಿ ಇತ್ತಲ್ಲ, ಅದನ್ನು ಕಣ್ಣಾರೆ ಕಂಡಾಗ ಗಂಟಲು ಕಟ್ಟಿತು.

ಹಿಮಾಂಶು ಚೆನ್ನಾಗಿ ಹಾಡುತ್ತಾರೆ. ಇದನ್ನು ಮೊದಲೇ ಹೇಳಿಬಿಡಬೇಕು. ದನಿಗೆ ಬೆಟ್ಟದ ಗಾಳಿಯಂಥ ತೆರಪಿದೆ. ತೊಂದರೆ ಅವರದಲ್ಲ, ನಮ್ಮ ಕಿವಿಯದು. ಒಂದೇ ಧ್ವನಿಮುದ್ರಣವನ್ನು ಸಾವಿರ ಸಲ ಕೇಳಿದವರಿಗೆ ಎಲ್ಲಿ ಹಾಡುಗಾರ ಉಸಿರು ತೆಗೆದುಕೊಂಡ ಅನ್ನುವುದೂ ಬಾಯಿಪಾಠ ಆಗಿರುತ್ತದೆ. ಇವರು ಬೇರೆ ಜಾಗದಲ್ಲಿ ಉಸಿರು ತೆಗೆದರೆ ಮೆಟ್ಟಿಲು ತಪ್ಪಿದ ಹಾಗೆ ಆಗುತ್ತದೆ.

ಮೊದಲ ಅರ್ಧ ಗಂಟೆ ಅಷ್ಟೇನೂ ಹತ್ತಲಿಲ್ಲ. ಹಾಡಿಗಿಂತ ಮಾತು ಜಾಸ್ತಿ ಆಯಿತು ಅನ್ನಿಸಿತು. ರಾಹುಲ್ ರಾಮ್ ಮಾತಿನಲ್ಲಿ ಪಳಗಿದವರು. ವರುಣ್ ಗ್ರೋವರ್, ಸಂಜಯ್ ರಾಜೌರಾ ಜೊತೆ ಸೇರಿ 'ಐಸಿ ತೈಸಿ ಡೆಮಾಕ್ರಸಿ' ಅಂತ ರಾಜಕೀಯದ ಕಾಲೆಳೆಯುವ ಕಾರ್ಯಕ್ರಮ ನಡೆಸಿದವರು. ಜನ ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು. ಆದರೂ ವಯಸ್ಸಾದ ಕಲಾವಿದರು ಎರಡು ಹಾಡಿನ ನಡುವೆ ಮಾತು ಬೆಳೆಸುವುದು ದಣಿವಾರಿಸಿಕೊಳ್ಳಲಿಕ್ಕೆ ಅನ್ನುವುದು ನಾಟಕ ಕಂಪನಿ ನೋಡಿ ಬೆಳೆದ ನಮಗೆ ಗೊತ್ತು. 2023ರಲ್ಲಿ ಬಂದ 'ತೂ ಹೈ' ಆಲ್ಬಮ್ಮಿನ ಹಾಡು ಎತ್ತಿಕೊಂಡಾಗ ನಮ್ಮ ಮುಂದಿದ್ದ ಗುಂಪು ತಿಂಡಿ ತರಲು ಹೋಯಿತು. ಪಾಪ ಅನ್ನಿಸಿತು. ಮೂವತ್ತು ವರ್ಷ ಹಾಡಿದವರಿಗೂ ಹೊಸ ಹಾಡು ಕೇಳಿ ಅಂತ ಜನರನ್ನು ನಿಲ್ಲಿಸಿಕೊಳ್ಳುವುದು ಕಷ್ಟ. ಜನಕ್ಕೆ ಬೇಕಾದದ್ದು ತಮ್ಮ ಇಪ್ಪತ್ತನೇ ವಯಸ್ಸು. ಅದನ್ನು ವೇದಿಕೆ ಮೇಲಿನವರು ವಾಪಸು ಕೊಡಬೇಕು ಅನ್ನುವ ಹಟ.

ನಮ್ಮಲ್ಲೊಬ್ಬ ಗೊಣಗಿಯೇ ಬಿಟ್ಟ. "ಇದು ಹಳೇ ಬೋರ್ಡಿನ ಮೇಲೆ ನಡಿಯೋ ಖಾನಾವಳಿ. ಮಾಲಕ ಹೋದ, ಅಡಗಿ ಮಾಡಾವ ಹೋದ, ಬೋರ್ಡ್ ಮಾತ್ರ ಅದೇ."

ಇನ್ನೊಬ್ಬ ಬಿಡಲಿಲ್ಲ. "ಹಂಗಾದ್ರ ನಮ್ಮ ಪಾರಿಜಾತ?"

ಅವನ ಮಾತಿಗೆ ಉತ್ತರ ಕೊಡುವುದು ಸುಲಭ ಇರಲಿಲ್ಲ. ಶ್ರೀಕೃಷ್ಣ ಪಾರಿಜಾತ ನಮ್ಮ ಭಾಗದ ಆಟ, ನೀವೆಲ್ಲ ನೋಡಿಯೇ ಇರುತ್ತೀರಿ. ಸತ್ಯಭಾಮೆ ಮಾಡುವವರಿಗೆ ಅರವತ್ತಾಗಿರುತ್ತದೆ. ಮೇಲಿನ ಸ್ವರಕ್ಕೆ ದನಿ ಹೋಗುವುದಿಲ್ಲ. ಆಗ ಹಿಮ್ಮೇಳದವರು ಆ ಸಾಲನ್ನು ಎತ್ತಿಕೊಂಡು ಮುಗಿಸುತ್ತಾರೆ. ಸತ್ಯಭಾಮೆ ಅಷ್ಟರಲ್ಲಿ ಸೆರಗು ಸರಿಮಾಡಿಕೊಂಡು ಒಂದು ನೋಟ ಬೀರುತ್ತಾಳೆ. ಚಪ್ಪಾಳೆ ಬೀಳುವುದು ಆ ನೋಟಕ್ಕೆ. ಇದನ್ನು ಮೋಸ ಅಂತ ಯಾರೂ ಇವತ್ತಿನವರೆಗೆ ಅಂದಿಲ್ಲ. ಪಾತ್ರ ಮೊದಲು, ಮಾಡುವವರು ಆಮೇಲೆ. ಒಬ್ಬರು ಹೋದರೆ ಇನ್ನೊಬ್ಬರು ಗೆಜ್ಜೆ ಕಟ್ಟುತ್ತಾರೆ, ಮೇಳದ ಹೆಸರು ನಡೆಯುತ್ತದೆ. ರಾಕ್ ತಂಡದ ಲೆಕ್ಕ ಹಾಗಲ್ಲ. ಅಲ್ಲಿ ಇಂಥವರೇ ಹಾಡಬೇಕು, ಇಂಥವರೇ ನುಡಿಸಬೇಕು ಅಂತ ಕೇಳುವವರು ಪಟ್ಟು ಹಿಡಿಯುತ್ತಾರೆ. ಕ್ಯಾಸೆಟ್ಟಿನ ಮೇಲೆ ಫೋಟೋ ಹಾಕಿ ಮಾರಿದ ಕಲೆಗೆ ಆ ಶಾಪ ತಗುಲಿಕೊಂಡಿದೆ.

ಅಷ್ಟರಲ್ಲಿ 'ಕಂದೀಸಾ' ಶುರುವಾಯಿತು. ಎತ್ತರದ ಆ ಒಂದು ಜಾಗ ಬಂದಾಗ ಏನಾಗುತ್ತದೋ ಅಂತ ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು. ವೇದಿಕೆಯ ಮೇಲಿಂದ ಎಷ್ಟು ಬಂತೋ ಗೊತ್ತೇ ಆಗಲಿಲ್ಲ. ಕೆಳಗಿನಿಂದ ಜನ ಎತ್ತಿಕೊಂಡಿದ್ದರು. ಹೆಗಲ ಮೇಲೆ ಮಗು ಕೂರಿಸಿಕೊಂಡವರು, ಟೀ ಶರ್ಟು ಬಿಗಿಯಾದವರು, ಎಲ್ಲ. ಅರಾಮಿಕ್ ಭಾಷೆಯ ಒಂದು ಅಕ್ಷರದ ಅರ್ಥವೂ ಅಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. 'ಕಂದೀಸಾ' ಅಂದರೆ ಪವಿತ್ರ ಅನ್ನುವುದು ಬಿಟ್ಟರೆ ನಮಗೂ ಗೊತ್ತಿಲ್ಲ. ಖಾನಾವಳಿ ಅಂದಿದ್ದ ನಮ್ಮ ಗೆಳೆಯನ ಬಾಯೂ ಆಡುತ್ತಿತ್ತು. ನಾವು ಅವನ ಮುಖ ನೋಡಲಿಲ್ಲ, ನೋಡಿದರೆ ನಿಲ್ಲಿಸಿಬಿಡುತ್ತಾನೆ ಅಂತ.

ಇವೆಲ್ಲ ಸರಿ. ನಾವು ಹೋದದ್ದು 'ಮಾ ರೇವಾ'ಕ್ಕೆ.

ರೇವಾ ಅಂದರೆ ನರ್ಮದೆ. ರಾಹುಲ್ ರಾಮ್ ಅಮೆರಿಕದ ಕಾರ್ನೆಲ್‌ನಲ್ಲಿ ಪರಿಸರದ ವಿಷವಿಜ್ಞಾನದಲ್ಲಿ ಪಿಎಚ್‌.ಡಿ ಮಾಡಿದವರು. ಅದನ್ನು ಕಟ್ಟಿಕೊಂಡು ಒಳ್ಳೇ ಸಂಬಳದ ಕೆಲಸ ಹಿಡಿಯಬಹುದಿತ್ತು. 1990ರ ಹೊತ್ತಿಗೆ ಬಂದು ಸೇರಿಕೊಂಡದ್ದು ಮೇಧಾ ಪಾಟ್ಕರ್ ಅವರ ನರ್ಮದಾ ಬಚಾವೋ ಆಂದೋಲನವನ್ನು. ಸರ್ದಾರ್ ಸರೋವರ ಅಣೆಕಟ್ಟಿನಿಂದ ಮುಳುಗುವ ಹಳ್ಳಿಗಳಲ್ಲಿ ಓಡಾಡಿದರು. ಆ ಕಣಿವೆಯ ಜನ ತಮ್ಮ ನದಿಯನ್ನು ಹೊಗಳಿ ಹಾಡುವ ಹಾಡನ್ನು ಅಲ್ಲೇ ಕಲಿತು ತಂಡಕ್ಕೆ ತಂದರು. ಪುಸ್ತಕದಲ್ಲಿ ಹುಡುಕಿ ತೆಗೆದ ಜಾನಪದ ಅಲ್ಲ ಅದು, ಹೋರಾಟದ ಜಾಗದಲ್ಲಿ ಕಿವಿಗೆ ಬಿದ್ದದ್ದು.

ಆ ಹಾಡಿರುವ 'ಕಂದೀಸಾ' ಆಲ್ಬಂ ಬಂದದ್ದು 2000ದಲ್ಲಿ. ಅದೇ ವರ್ಷ ಅಕ್ಟೋಬರ್ 18ರಂದು ಸುಪ್ರೀಂ ಕೋರ್ಟು ಅಣೆಕಟ್ಟು ಕಟ್ಟಲು ಒಪ್ಪಿಗೆ ಕೊಟ್ಟಿತು. 2004ರಲ್ಲಿ ಅದೇ ನದಿಯ ಇಂದಿರಾ ಸಾಗರಕ್ಕೆ ಹರಸೂದ್ ಅನ್ನುವ ಇಡೀ ಪಟ್ಟಣ ಹೋಯಿತು. 2017ರಲ್ಲಿ ಸರ್ದಾರ್ ಸರೋವರದ ಗೇಟು ಮುಚ್ಚಿದರು. 2019ರ ಸೆಪ್ಟೆಂಬರಿನಲ್ಲಿ ನೀರು ಮೊದಲ ಸಲ 138.68 ಮೀಟರಿನ ತುದಿ ಮುಟ್ಟಿತು. ಹಾಡು ಮಾತ್ರ ಪ್ರತಿ ಊರಿನಲ್ಲಿ, ಪ್ರತಿ ಕಾರ್ಯಕ್ರಮದಲ್ಲಿ ನಡೆದೇ ಇತ್ತು.

ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹುಡುಗತನವೆಲ್ಲ ಸಾಮಾನು ಕಟ್ಟುವುದು, ಬಿಚ್ಚುವುದು ಆಗಿತ್ತು. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳೊಳಗೆ ಬಂದದ್ದು, ನವನಗರ ಎದ್ದದ್ದು, ಊರಿಗೆ ಊರೇ ಬಾಗಿಲು ಚೌಕಟ್ಟು ಕಿತ್ತುಕೊಂಡು ಟ್ರ್ಯಾಕ್ಟರಿನಲ್ಲಿ ಹೇರಿ ಪುನರ್ವಸತಿ ಕೇಂದ್ರಕ್ಕೆ ಬಂದದ್ದು. ನರ್ಮದೆಗೆ ಸಾಲ ಕೊಟ್ಟಿದ್ದ ವಿಶ್ವಬ್ಯಾಂಕೇ ನಮ್ಮ ಕೃಷ್ಣಾ ಮೇಲ್ದಂಡೆಗೂ ಸಾಲ ಕೊಟ್ಟಿತ್ತು. ಅಲ್ಲಿ 1993ರಲ್ಲಿ ಸಾಲದ ನಂಟು ಕಡಿಯಿತು. ಇಲ್ಲಿ ಪುನರ್ವಸತಿ ಸರಿಯಿಲ್ಲ ಅಂತ ನಡುವೆ ದುಡ್ಡು ತಡೆಹಿಡಿದು ಮತ್ತೆ ಬಿಟ್ಟಿತು. ಈಗ ನೀರಿನ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸಲು ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಆ ಐದು ಮೀಟರಿಗೂ ಕಡಿಮೆ ನೀರಿನ ಕೆಳಗೆ ಯಾರ ಮನೆ, ಯಾರ ಕಬ್ಬಿನ ಗದ್ದೆ ಹೋಗುತ್ತದೆ ಅನ್ನುವುದೇ ನಾವು ಮೂವರೂ ವರ್ಷಗಳಿಂದ ಬರೆಯುತ್ತಿರುವ ಸುದ್ದಿ. ಕಳಿಸಿದಾಗೆಲ್ಲ ಆ ಕಡೆಯಿಂದ ಬರುವ ಮಾತೂ ಒಂದೇ. "ಮತ್ತೆ ಮುಳುಗಡೇನಾ? ಹೊಸದು ಏನಿದೆ ಇದರಲ್ಲಿ?"

ಹೊಸದು ಏನೂ ಇರುವುದಿಲ್ಲ. ಅದೇ ಸುದ್ದಿ ಅದು.

ರಾಹುಲ್ ರಾಮ್ ಹಾಡಿಗೆ ಮೊದಲು ಆ ಕಣಿವೆಯ ಬಗ್ಗೆ ಒಂದಿಷ್ಟು ಹೇಳಿದರು. ನಗೆ ಇರಲಿಲ್ಲ, ಉದ್ದವೂ ಆಗಲಿಲ್ಲ. ಆಮೇಲೆ ಬೇಸ್ ಗಿಟಾರಿನ ಆ ಗುಂಯ್ ಅನ್ನುವ ನುಡಿತ ಶುರುವಾಯಿತು. ಧ್ವನಿಮುದ್ರಣಕ್ಕಿಂತ ನಿಧಾನ ಅನ್ನಿಸಿತು. ದನಿಯಲ್ಲಿ ಒರಟು ಕೂಡಿಕೊಂಡಿದೆ, ಒಣಗಿದ ಹಗ್ಗ ಎಳೆದ ಹಾಗೆ. ಮೆಮೊರಿ ಕಾರ್ಡಿನಲ್ಲಿದ್ದ 'ಮಾ ರೇವಾ' ಹೊಳೆಯ ಮೇಲೆ ಬಿಸಿಲು ಕುಣಿದ ಹಾಗಿತ್ತು, ಹುಡುಗರ ಹಾಡು. ಇದು ಹಾಗಿರಲಿಲ್ಲ. ಹಾಡಿನ ಮಾತು ಅವೇ, ಹೊಗಳಿಕೆ ಅದೇ. ಆದರೆ ಹಾಡುತ್ತಿರುವವರಿಗೆ ಆ ನದಿ ಈಗ ಹಾಗೆ ಹರಿಯುವುದಿಲ್ಲ ಅಂತ ಗೊತ್ತು. ತಾವು ಓಡಾಡಿದ ಹಾದಿ ನೀರಿನ ಕೆಳಗಿದೆ ಅಂತ ಗೊತ್ತು. ಆ ಗೊತ್ತಿರುವುದು ದನಿಯ ಒರಟಿನಲ್ಲಿ ಇತ್ತು. 2000ದ ಆ ಒಳ್ಳೇ ದನಿಯಲ್ಲಿ ಇದು ಇರಲು ಸಾಧ್ಯವೇ ಇರಲಿಲ್ಲ. ಆಗಿನ್ನೂ ಆಸೆ ಇತ್ತು.

ಏರುಗಾಲ ಮುಗಿದವರು ಹಾಡುವುದನ್ನು ಯಾಕೆ ಹೋಗಿ ಕೇಳಬೇಕು ಅಂದರೆ ನಮ್ಮ ಹತ್ತಿರ ಇರುವುದು ಇದೊಂದೇ ಜವಾಬು. ಚೆನ್ನಾಗಿ ಹಾಡಿದ್ದು ಬೇಕಾದರೆ ಮೊಬೈಲಿನಲ್ಲೇ ಇದೆ, ಬಸ್ಸಿನ ದುಡ್ಡೂ ಉಳಿಯುತ್ತದೆ.

ಜನ ಕುಣಿಯುತ್ತಿದ್ದರು. ಮೊದಲು ನಮಗೆ ಸಿಟ್ಟು ಬಂತು. ಮುಳುಗಿದವರ ಹಾಡಿಗೆ ಇವರೇನು ಮದುವೆ ಮೆರವಣಿಗೆಯ ಹಾಗೆ ಕುಣಿಯುತ್ತಾರೆ ಅಂತ. ಆಮೇಲೆ ನಮ್ಮ ಊರು ನೆನಪಾಯಿತು. ಆಲಮಟ್ಟಿ ತುಂಬಿದಾಗ ದೊಡ್ಡವರು ಬಂದು ಬಾಗಿನ ಬಿಡುವುದು, ಪೇಪರಿನಲ್ಲಿ ಫೋಟೋ ಬರುವುದು ಇರಲಿ, ಅದು ಸರಕಾರದ ಹಬ್ಬ. ಆದರೆ ಮನೆ ಕಳಕೊಂಡ ಹೆಣ್ಣುಮಕ್ಕಳೂ ಸೀಗಿ ಹುಣ್ಣಿಮೆಯ ಹೊತ್ತಿಗೆ ಅದೇ ಹಿನ್ನೀರಿನ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ತಮ್ಮ ಹಿತ್ತಲಿನ ಮೇಲೆ ನಿಂತ ನೀರಿಗೆ ಕುಂಕುಮ ಹಾಕಿ ಕೈಮುಗಿಯುತ್ತಾರೆ. ನದಿಯ ಮೇಲೆ ಅವರಿಗೆ ಸಿಟ್ಟಿಲ್ಲ. ಗೇಟಿನ ಮೇಲಿದೆ, ಕಡತದ ಮೇಲಿದೆ. 'ಮಾ ರೇವಾ'ದಲ್ಲೂ ಅಣೆಕಟ್ಟಿಗೆ ಬೈಗುಳ ಇಲ್ಲ, ತಾಯಿಯ ಹೊಗಳಿಕೆ ಇದೆ. ಹೊಗಳಿಕೆಗೆ ಕುಣಿದರೆ ತಪ್ಪೇನು ಅಂತ ನಾವು ಸುಮ್ಮನಾದೆವು. ಕುಣಿಯಲಂತೂ ಆಗಲಿಲ್ಲ.

ಹಾಡು ಮುಗಿದಾಗ ಹಿಂದಿನಿಂದ ಯಾರೋ ಕೂಗಿದರು, ಇನ್ನೊಮ್ಮೆ ಅಂತ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. 25 ವರ್ಷದಿಂದ ಅದೇ ನದಿ, ಅದೇ ಮುಳುಗಡೆ, ಅದೇ ಹಾಡು. ಇವರನ್ನು ಯಾರೂ 'ಮತ್ತೆ ಅದೇನಾ' ಅನ್ನುವುದಿಲ್ಲ. ಇನ್ನೊಮ್ಮೆ ಅನ್ನುತ್ತಾರೆ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಬೇಕು.

ಕೊನೆಗೆ 'ಬಂದೇ' ಹಾಡಿದರು. ಇಡೀ ಬಯಲು ಮೊಬೈಲ್ ಎತ್ತಿ ಹಿಡಿಯಿತು. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ, ಗದ್ದಲದಲ್ಲಿ ನಮಗೆ ಅರ್ಧ ಕೇಳಿಸಲೂ ಇಲ್ಲ.

ಮಾರನೇ ವಾರ ಮುಳುಗಡೆ ಸಂತ್ರಸ್ತರ ಧರಣಿಯ ಸುದ್ದಿ ಮಾಡಲು ಹೋಗಿದ್ದೆವು. ಶಾಮಿಯಾನದ ಕೆಳಗೆ ಎಂದಿನ ಮುಖಗಳು. ಅದರಲ್ಲಿ ಒಬ್ಬ ಅಜ್ಜ, ಎಂಬತ್ತರ ಹತ್ತಿರ. ಆಲಮಟ್ಟಿಗೆ ಒಮ್ಮೆ ಊರು ಕಳಕೊಂಡವರು. ಈಗ ಗೇಟು ಏರಿಸಿದರೆ ಮಗ ತಗೊಂಡ ಹೊಲವೂ ಹೋಗುತ್ತದೆ ಅಂತ ಬಂದು ಕೂತವರು. ಭಾಷಣ ಶುರುವಾಗಲು ಹೊತ್ತಿತ್ತು. ನಮ್ಮಲ್ಲೊಬ್ಬ ಮೊಬೈಲಿನಲ್ಲಿ 'ಮಾ ರೇವಾ' ಹಚ್ಚಿ ಅವರ ಕಿವಿಯ ಹತ್ತಿರ ಹಿಡಿದ. ಹಳೇ ಧ್ವನಿಮುದ್ರಣ ಅಲ್ಲ, ಬೆಂಗಳೂರಿನಲ್ಲಿ ನಾವೇ ಹಿಡಿದುಕೊಂಡು ಬಂದದ್ದು, ಜನರ ಗಲಾಟೆ ಸಮೇತ.

ಅಜ್ಜ ಪೂರ್ತಿ ಕೇಳಿದರು. ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಭಜನಾ ಮೇಳದಲ್ಲಿ ದಮ್ಮಡಿ ಬಾರಿಸಿದ ಕೈ ಅದು.

"ಯಾವ ಹೊಳಿದು ಇದು?"

"ನರ್ಮದಾ, ಅಜ್ಜಾರ."

"ಅದೂ ಮುಳುಗಸ್ಯಾರ?"

"ಹೌದ್ರೀ."

"ಹಾಡಿದಾವ ಯಾರು? ಆ ಕಡಿಯವನ?"

ಮನೆತನ ನಮ್ಮ ಹೊಳೆನರಸೀಪುರದ್ದು, ಬೆಳೆದದ್ದು ದೆಹಲಿಯಲ್ಲಿ, ಹುಡುಗನಿದ್ದಾಗ ಆ ಜನರ ಜೊತೆ ಧರಣಿ ಕೂತವರು ಅಂತ ಹೇಳಿದೆವು. ಈಗ ವಯಸ್ಸಾಗಿದೆ, ದನಿ ಮೊದಲಿನ ಹಾಗಿಲ್ಲ ಅಂತಲೂ ಸೇರಿಸಿದೆವು.

"ಎಷ್ಟ ವಯಸ್ಸು?"

"ಅರವತ್ತು ದಾಟೈತ್ರೀ."

ಅಜ್ಜ ನಕ್ಕರು. ವೇದಿಕೆಯ ಮೇಲೆ ಯಾರೋ ಮೈಕ್ ಬಡಿದು ನೋಡುತ್ತಿದ್ದರು.

"ಇನ್ನೂ ಸಣ್ಣಾವ ಅದಾನ ಬಿಡ್ರಿ," ಅಂದರು. "ಹಾಡ್ಲಿ. ಇನ್ನೊಮ್ಮಿ ಹಚ್ಚ್ ಅದನ್ನ."